ರೂಲ್ಸ್ ಮೇಷ್ಟ್ರು ಗಾಡಿ ತೆಗೆದದ್ದು

ರೂಲ್ಸ್ ಮೇಷ್ಟ್ರು ಮಾತಿಗೆ ನಿಂತರೆ ಹಾಸಿಗೆ ಹಿಡಿದವನಿಗೂ ಎದ್ದು ಓಡಬೇಕೆನಿಸುತ್ತಿತ್ತು. ಟಯರ್ ಅಂಗಡಿಯ ಮಾಳಿಗೆಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನಲ್ಲಿ ಅವರು ರಸ್ತೆಯ ನಿಯಮಗಳನ್ನು ಹೇಳಿಕೊಡುತ್ತಿದ್ದರು. ಗೋಡೆಗೆ ತೂಗುಹಾಕಿದ ಚಿಹ್ನೆಗಳ ಪಟ, ಒಂದು ಉದ್ದನೆಯ ಕೋಲು, ಮೇಜಿನ ಮೇಲೆ ಬಿಚ್ಚಿಟ್ಟ ಹಳೆಯ ಗೇರ್ ಬಾಕ್ಸು. ಇಷ್ಟೇ ಅವರ ಸಾಮ್ರಾಜ್ಯ. ಹೊಸ ಬ್ಯಾಚು ಬಂದ ಮೊದಲ ದಿನ ಅವರು ನಿಯಮಗಳ ತಂಟೆಗೇ ಹೋಗುತ್ತಿರಲಿಲ್ಲ. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಬದುಕಿನ ಬಗ್ಗೆ ಶುರುಮಾಡುತ್ತಿದ್ದರು.

"ನೋಡಿ, ಊರಿನ ಎಲ್ಲಾ ಸಿಗ್ನಲ್ಲೂ ಹಸಿರಾದ್ಮೇಲೆ ಹೊರಡ್ತೀನಿ ಅಂತ ಕೂತವನು ಮನೆ ಗೇಟೇ ದಾಟಲ್ಲ. ಭಯ ಹೋಗ್ಲಿ, ಆಮೇಲೆ ಶುರು ಮಾಡೋಣ ಅಂತೀರಾ? ಅದು ಎಲ್ಲೂ ಹೋಗಲ್ಲ. ಹೋಗಬೇಕಾದವರು ನೀವು! ಕೀಲಿ ತಿರುಗಿಸಿ, ಗೇರ್ ಹಾಕಿ, ಹೊರಡಿ!"

ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. ಒಮ್ಮೆ ಒಬ್ಬ ಬ್ಯಾಂಕ್ ಗುಮಾಸ್ತ ಈ ಭಾಷಣ ಕೇಳಿ ಡ್ರೈವಿಂಗ್ ಕಲಿಯುವುದನ್ನು ಬಿಟ್ಟು, ತಾನು ಮೆಚ್ಚಿದ ಹುಡುಗಿಯ ಮನೆಗೆ ಹೋಗಿ ಕೇಳಿ, ಮದುವೆಯನ್ನೇ ಮಾಡಿಕೊಂಡುಬಿಟ್ಟಿದ್ದ. ಮೇಷ್ಟ್ರ ಮಾತಿಗೆ ಅಂಥ ಕಸುವಿತ್ತು.

ಕೊರತೆ ಒಂದೇ ಒಂದು. ಮೇಷ್ಟ್ರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಲೈಸೆನ್ಸು ಇತ್ತು, ಇಲ್ಲವೆನ್ನುವಂತಿಲ್ಲ. ಅವರು ಪರೀಕ್ಷೆ ಕೊಟ್ಟ ದಿನ ಜೋರು ಮಳೆ. ಛತ್ರಿ ಹಿಡಿದು ನಿಂತಿದ್ದ ಅಧಿಕಾರಿ ಹತ್ತು ಮಾರು ನೇರ ಓಡಿಸಲು ಹೇಳಿ, "ಸಾಕು, ಇಳೀರಿ" ಎಂದು ಸಹಿ ಹಾಕಿದ್ದ. ಅದೇ ಹುರುಪಿನಲ್ಲಿ ಮುಂದಿನ ವಾರ ಭಾವನ ಕಾರು ತೆಗೆದ ಮೇಷ್ಟ್ರು ಪೀಠೋಪಕರಣದ ಅಂಗಡಿಯ ಮುಂದೆ ಬ್ರೇಕಿನ ಬದಲು ಇನ್ನೊಂದನ್ನು ತುಳಿದರು. ಪ್ರದರ್ಶನಕ್ಕೆಂದು ಹೊರಗಿಟ್ಟಿದ್ದ ಸೋಫಾದ ಮೇಲೆ ಅಂಗಡಿಯವನು ಕಾಲು ಚಾಚಿ ಕೂತಿದ್ದ. ಕಾರು ಸೋಫಾವನ್ನು ಕೂತ ಅಂಗಡಿಯವನ ಸಮೇತ ಮೆತ್ತಗೆ ತಳ್ಳಿಕೊಂಡು ಅಂಗಡಿಯೊಳಗೆ ಬಿಟ್ಟಿತು. ಯಾರಿಗೂ ತರಚು ಗಾಯವೂ ಆಗಲಿಲ್ಲ. ಅಂಗಡಿಯವನ ಚಾಚಿದ ಕಾಲು ಚಾಚಿದಂತೆಯೇ ಇತ್ತಂತೆ. ಆದರೆ ಮೇಷ್ಟ್ರ ಎದೆಯೊಳಗೆ ಏನೋ ಕಳಚಿ ಬಿತ್ತು. ಅಂದಿನಿಂದ ಅವರು ಸ್ಟೇರಿಂಗಿಗೆ ದೂರದಿಂದಲೇ ಕೈಮುಗಿದು, ರಸ್ತೆಯ ವಿದ್ಯೆಯನ್ನು ಮಾತಿನಲ್ಲಿ ಮಾತ್ರ ಉಳಿಸಿಕೊಂಡರು.

ಇದಾಗಿ ಇಪ್ಪತ್ತು ವರ್ಷ ದಾಟಿತ್ತು. ಈ ಅವಧಿಯಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ ಎನ್ನಬೇಕು, ತಯಾರಿ ನಡೆಸಿದ್ದರು. ಎಷ್ಟು ವೇಗದಲ್ಲಿ ಬ್ರೇಕ್ ಹಾಕಿದರೆ ಗಾಡಿ ಎಷ್ಟು ದೂರ ಜಾರುತ್ತದೆ ಎಂಬುದು ಬಾಯಿಪಾಠ. ನಿದ್ದೆ ಬರದಿದ್ದರೆ ಮನಸ್ಸಿನಲ್ಲೇ ಘಾಟಿ ರಸ್ತೆ ಇಳಿಯುತ್ತಿದ್ದರು, ಒಮ್ಮೆಯೂ ತಪ್ಪದೆ ಗೇರ್ ಬದಲಿಸುತ್ತ. ಅಷ್ಟು ಕೌಶಲದಿಂದ ಕಾರು ಓಡಿಸುವವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲವೆಂದು ಅವರಿಗೇ ಅನಿಸುತ್ತಿತ್ತು. ಬೆಳಗಾದರೆ ಬಸ್ಸಿಗೆ ಓಡುತ್ತಿದ್ದರು.

ಹೆಂಡತಿಯ ಅಣ್ಣನಾದ ಆ ಭಾವ ದೂರದ ಊರಿಗೆ ವರ್ಗವಾಗಿ ಹೋಗುವಾಗ ತನ್ನ ಹಳೆಯ ನೀಲಿ ಕಾರನ್ನು ತಂಗಿಯ ಮನೆಯ ಅಂಗಳದಲ್ಲೇ ಬಿಟ್ಟು, "ಸೋಫಾ ಕಂಡ್ರೆ ಸ್ವಲ್ಪ ಹುಷಾರು" ಎಂದು ಮೇಷ್ಟ್ರ ಭುಜ ತಟ್ಟಿ ಹೋಗಿದ್ದ. ಆ ಕಾರಿಗೆ ಮೇಷ್ಟ್ರು ಮಾಡಿದ ಸೇವೆ ಅಷ್ಟಿಷ್ಟಲ್ಲ. ಭಾನುವಾರ ತೊಳೆಯುವುದು, ಗಾಳಿ ತುಂಬುವುದು, ಎಂಜಿನ್ ಶುರುಮಾಡಿ ಕಣ್ಣು ಮುಚ್ಚಿ ಆಲಿಸಿ "ಆಹಾ" ಎನ್ನುವುದು, ಗೇಟಿನವರೆಗೆ ಮುಂದೆ ಬಿಟ್ಟು ಗೋಡೆಯವರೆಗೆ ಹಿಂದೆ ತರುವುದು. ಆಮೇಲೆ ಹೊದಿಕೆ ಹೊದಿಸಿ ಒಳಗೆ ಬಂದು, ದೂರದ ಪ್ರಯಾಣ ಮುಗಿಸಿದವರಂತೆ ಸೊಂಟ ನೀವಿಕೊಳ್ಳುವುದು.

"ಇದಕ್ಕೆ ಚಕ್ರ ಯಾಕೋ?" ಎಂದು ಅವರ ತಾಯಿ ಕಿಟಕಿಯಿಂದಲೇ ಕೇಳುತ್ತಿದ್ದರು. "ನಾಲ್ಕು ಕಾಲು ಹಾಕಿಸಿದ್ರೆ ಮಂಚನಾದ್ರೂ ಆಗ್ತಿತ್ತು. ನಾನು ಮಲಗ್ತಿದ್ದೆ."

ತಾಯಿಯ ಈ ಕೊಂಕಿಗೆ ಕಾರಣವಿತ್ತು. ಅವರ ತಂಗಿ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸು ಹತ್ತಿ, ಇಳಿದು, ಸೇತುವೆ ನಡೆದು ದಾಟಿ, ಮತ್ತೆ ಬಸ್ಸು ಹತ್ತಿ ಹೋಗುವಷ್ಟು ಮಂಡಿಯಲ್ಲಿ ಬಲವಿಲ್ಲ. ಬಾಡಿಗೆ ಕಾರು ಎಂದರೆ ಸ್ವಾಭಿಮಾನ ಅಡ್ಡ: "ಮನೆಯಲ್ಲೇ ಕಾರಿಟ್ಕೊಂಡು ಬಾಡಿಗೆ ಕಾರಲ್ಲಿ ಬಂದ್ಲು ಅಂತ ಅವಳು ಆಡ್ಕೊಳ್ಳೋಕಾ?" ಹೀಗಾಗಿ ಅಕ್ಕತಂಗಿಯರು ಮುಖ ನೋಡಿಕೊಂಡು ಎಷ್ಟೋ ಕಾಲವಾಗಿತ್ತು. ಮೇಷ್ಟ್ರ ಹೆಂಡತಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಆಕೆ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸದವಳು; ಜನ ಸೂಜಿ ನೋಡಿ ಹೇಗೆಲ್ಲ ನೆಪ ಹೂಡುತ್ತಾರೆಂಬುದು ಆಕೆಗೆ ದಿನನಿತ್ಯದ ಪಾಠ. "ಕ್ಲಚ್ ಯಾಕೋ ಸರಿಯಿಲ್ಲ ಕಣೇ" ಎಂದು ಗಂಡ ಹೇಳಿದಾಗ, "ಹೌದಾ?" ಎಂದಷ್ಟೇ ಹೇಳಿ ತರಕಾರಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತಿದ್ದಳು. ಆ "ಹೌದಾ" ಮೇಷ್ಟ್ರಿಗೆ ತಾಯಿಯ ಕೊಂಕಿಗಿಂತ ಆಳಕ್ಕೆ ಇಳಿಯುತ್ತಿತ್ತು.

ಸ್ಕೂಲಿನಲ್ಲಿ ರಸ್ತೆಯ ಮೇಲೆ ಕಲಿಸುವವಳು ಬೇರೆ ಇದ್ದಳು. ಮೂವತ್ತರ ಆಸುಪಾಸಿನ ಗಟ್ಟಿ ಗಂಟಲಿನ ಹೆಂಗಸು. ದಿನವಿಡೀ "ಬ್ರೇಕು! ಬ್ರೇಕು!" ಎಂದು ಕೂಗಿ ಕೂಗಿ ಅವಳಿಗೆ ಬ್ರೇಕಕ್ಕ ಎಂದೇ ಹೆಸರಾಗಿತ್ತು. ಒಂದು ಸೋಮವಾರ ಬ್ರೇಕಕ್ಕನಿಗೆ ಹಲ್ಲುನೋವು ಬಂದು ದವಡೆ ಊದಿಕೊಂಡಿತು. ಮಾಲೀಕ ಮಾಳಿಗೆ ಹತ್ತಿ ಬಂದು ಮೇಷ್ಟ್ರ ಕೈಗೆ ಕಾರಿನ ಕೀಲಿ ಹಾಕಿದ.

"ಇವತ್ತೊಂದಿನ ನೀವು ಕೂತ್ಕೊಂಡುಬಿಡಿ ಮೇಷ್ಟ್ರೇ. ಕಲಿಯೋರೇ ಓಡಿಸ್ತಾರೆ. ನಿಮ್ಮ ಕಡೆನೂ ಒಂದು ಬ್ರೇಕ್ ಇದೆ."

"ಆದ್ರೆ ನಂಗೆ..."

"ಕಾಲಿದೆಯಲ್ಲ? ಸಾಕು."

ಕಲಿಯಲು ಬಂದವರು ಒಬ್ಬ ನಿವೃತ್ತ ನರ್ಸಮ್ಮ. ಹೆರಿಗೆ ವಾರ್ಡಿನಲ್ಲೇ ಆಯುಷ್ಯ ಕಳೆದವರು. ಗಂಡನ ಕಣ್ಣು ಮಂಜಾಗಿ ಆತ ಗಾಡಿ ಬಿಟ್ಟ ಮೇಲೆ, ಇನ್ನು ತಾನೇ ಓಡಿಸುವುದೆಂದು ಹಟ ತೊಟ್ಟು ಬಂದಿದ್ದರು. ಹಟವೇನೋ ಗಟ್ಟಿಯಿತ್ತು, ಕ್ಲಚ್ಚಿನ ಮೇಲಿದ್ದ ಎಡಗಾಲು ಮಾತ್ರ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲೂ ನಡುಗುತ್ತಿತ್ತೆಂಬುದು ಅವರಿಗೆ ತಿಳಿಯಲಿಲ್ಲ. ಎಂಜಿನ್ನಿನ ಅದುರಾಟದಲ್ಲಿ ಎಲ್ಲ ಮುಚ್ಚಿಹೋಗಿತ್ತು.

"ಭಯ ಪಡಬೇಡಿ," ಎಂದರು ಮೇಷ್ಟ್ರು. ತಮ್ಮ ದನಿ ಯಾಕೆ ಇಷ್ಟು ಸಣ್ಣಗಾಯಿತೆಂದು ಅವರಿಗೇ ಆಶ್ಚರ್ಯವಾಯಿತು.

ಹೇಗೋ ಮೊದಲ ಬೀದಿ ದಾಟಿತು. ಎರಡನೆಯದೂ ದಾಟಿತು. ಮಾರುಕಟ್ಟೆಯ ನಾಲ್ಕು ರಸ್ತೆ ಕೂಡುವಲ್ಲಿ, ಸರಿಯಾಗಿ ನಟ್ಟನಡುವೆ, ಕಾರು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ಹಿಂದೆ ಬ್ರೆಡ್ಡಿನ ವ್ಯಾನು, ಎಡಕ್ಕೆ ಸಿಮೆಂಟಿನ ಲಾರಿ, ಬಲಕ್ಕೆ ಸಾಲುಗಟ್ಟಿದ ಸ್ಕೂಟರುಗಳು. ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆಯತೊಡಗಿದವು. ನರ್ಸಮ್ಮ ಮತ್ತೆ ಶುರುಮಾಡಿದರು, ಮತ್ತೆ ನಿಂತಿತು. ಅವರು ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನನ್ನ ಕೈಲಾಗಲ್ಲ ಮೇಷ್ಟ್ರೇ. ಈ ಕಡೆ ಬನ್ನಿ, ನೀವೇ ತಗೊಂಡು ಹೋಗಿ."

ಮೇಷ್ಟ್ರು ಪಟದ ಮುಂದೆ ನಿಂತವರಂತೆ ಬೆರಳೆತ್ತಿದರು. "ನಿಯಮದ ಪ್ರಕಾರ, ಕೂಡುರಸ್ತೆಯಲ್ಲಿ ವಾಹನ ನಿಂತಾಗ ಚಾಲಕರು ಮೊದಲಿಗೆ..."

"ನಿಯಮ ಆಮೇಲೆ ಹೇಳಿ! ಬನ್ನಿ ಈ ಕಡೆ!"

"ನಂಗೆ ಬರಲ್ಲಮ್ಮಾ."

"ಏನು ಬರಲ್ಲ?"

"ಕಾರು. ಓಡಿಸೋಕೆ ಬರಲ್ಲ."

ಇಪ್ಪತ್ತು ವರ್ಷ ಹೆಂಡತಿಯ ಮುಂದೂ ಬಾಯಿಬಿಟ್ಟು ಹೇಳದ ಮಾತು ಸಿಮೆಂಟ್ ಲಾರಿಯ ಹಾರ್ನಿನ ನಡುವೆ ಹೀಗೆ ಪುಸಕ್ಕನೆ ಹೊರಬಿತ್ತು. ನರ್ಸಮ್ಮ ಅವರ ಮುಖ ನೋಡಿದರು. ಚಿಹ್ನೆಗಳ ಪಟ, ಕೋಲು, ಕಂಚಿನ ಕಂಠದ ಭಾಷಣ ಎಲ್ಲ ನೆನಪಾಯಿತೇನೋ. ತುಟಿ ಕಚ್ಚಿ ಹಿಡಿದರೂ ನಗು ತಡೆಯಲಾಗಲಿಲ್ಲ. ಸ್ಟೇರಿಂಗಿಗೆ ಹಣೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಣೆ ತಗುಲಿ ಇವರ ಕಾರಿನ ಹಾರ್ನೂ ಬಡಿದುಕೊಂಡಿತು.

ಆಗಲೇ ಟ್ರಾಫಿಕ್ ಪೊಲೀಸ್ ಓಡಿ ಬಂದ. ಬೈಯಲೆಂದು ಬಗ್ಗಿದವನು ಒಳಗೆ ಕೂತವರನ್ನು ಕಂಡು ಬಾಯಿ ಅಗಲಿಸಿದ.

"ಮೇಷ್ಟ್ರೇ! ನೀವಾ? ನಾನು ನಿಮ್ಮ ಹಳೇ ಸ್ಟೂಡೆಂಟು! ನಿಮ್ಮ ಭಾಷಣ ಕೇಳಿನೇ ಈ ಕೆಲಸಕ್ಕೆ ಅರ್ಜಿ ಹಾಕಿದ್ದು!"

ಭೂಮಿ ಬಾಯಿ ಬಿಟ್ಟಿದ್ದರೆ ಮೇಷ್ಟ್ರು ಸೀಟ್ ಬೆಲ್ಟ್ ಸಮೇತ ಇಳಿದುಬಿಡುತ್ತಿದ್ದರು. ಪೊಲೀಸನಾದರೋ ಗುರುಭಕ್ತಿ ಉಕ್ಕಿ, ಸೀಟಿ ಊದಿ, ನಾಲ್ಕೂ ದಿಕ್ಕಿನ ಗಾಡಿಗಳನ್ನು ನಿಲ್ಲಿಸಿ, ರಸ್ತೆಯ ನಡುವೆ ನಿಂತು ಸೆಲ್ಯೂಟ್ ಹೊಡೆದ. ಲಾರಿಯ ಕ್ಲೀನರು ಯಾರೋ ಮಂತ್ರಿಗಳೇ ಇರಬೇಕೆಂದು ತಾನೂ ಕೈಮುಗಿದ.

"ಮೇಷ್ಟ್ರೇ," ಎಂದು ನರ್ಸಮ್ಮ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಅವರ ಕಾಲಿನ ನಡುಕ ನಿಂತಿತ್ತು. "ನಾನು ಮೊದಲನೇ ಹೆರಿಗೆ ಮಾಡಿಸಿದಾಗ ನಂಗೂ ಪುಸ್ತಕ ಮಾತ್ರ ಗೊತ್ತಿತ್ತು. ಡಾಕ್ಟ್ರು ಬರೋವರೆಗೂ ಮಗು ಕಾಯ್ಲಿಲ್ಲ. ಕೈ ನಡುಗ್ತಾನೇ ಹಿಡ್ಕೊಂಡೆ. ಈಗ ನೀವು ಬಾಯಲ್ಲಿ ಹೇಳಿ, ನಾನು ಕಾಲಲ್ಲಿ ಮಾಡ್ತೀನಿ."

ಮೇಷ್ಟ್ರು ಹೇಳಿದರು. ಕ್ಲಚ್ಚು, ಗೇರು, ನಿಧಾನಕ್ಕೆ ಬಿಡಿ, ಇನ್ನೂ ನಿಧಾನಕ್ಕೆ. ಕಾರು ಮೊಲದಂತೆ ಎರಡು ಸಲ ಕುಪ್ಪಳಿಸಿ, ಆಮೇಲೆ ಸಾವರಿಸಿಕೊಂಡು, ಸೆಲ್ಯೂಟಿನ ಮುಂದೆ ಮೆರವಣಿಗೆಯಂತೆ ಸಾಗಿತು. ಸ್ಕೂಲಿನ ಮುಂದೆ ಬಂದು ನಿಂತಾಗ ನರ್ಸಮ್ಮ ಇಳಿಯುತ್ತ ಕೇಳಿದರು:

"ನಾಳೆ ನನ್ನ ಪಾಠ ಆದ್ಮೇಲೆ ನಿಮ್ಮದು. ಬ್ರೇಕಕ್ಕಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ಮುಂದಿನ ತಿಂಗಳು, ಬ್ಯಾಚು ಸ್ವಲ್ಪ ಕಡಿಮೆ ಆದ್ಮೇಲೆ..."

ನರ್ಸಮ್ಮ ಹುಬ್ಬೇರಿಸಿದರು. ಹೆರಿಗೆ ವಾರ್ಡಿನಲ್ಲಿ ಎಷ್ಟು ಗಂಡಸರು ಆ ಹುಬ್ಬಿಗೆ ಹೆದರಿ ಹೊರಗಿನ ಬೆಂಚಿಗೆ ಓಡಿದ್ದರೋ.

"ನಾಳೆ," ಎಂದರು ಮೇಷ್ಟ್ರು.

ಮರುದಿನ ದವಡೆಗೆ ಕರವಸ್ತ್ರ ಕಟ್ಟಿಕೊಂಡು ಬಂದ ಬ್ರೇಕಕ್ಕನ ಮುಂದೆ ಅವರು ಬಸ್ಸಿನಲ್ಲಿ ಬರುತ್ತ ಸಿದ್ಧಪಡಿಸಿದ್ದ ಮಾತನ್ನು ತೆಗೆದರು. "ನೋಡಮ್ಮ, ಜ್ಞಾನ ಅನ್ನೋದು ಒಂದು, ಅನುಭವ ಅನ್ನೋದು ಇನ್ನೊಂದು. ಕೆಲವೊಮ್ಮೆ ಮನುಷ್ಯನ ಜೀವನದಲ್ಲಿ..."

"ನಿಮಗೆ ಗಾಡಿ ಓಡಿಸೋಕೆ ಬರಲ್ಲ. ಅದೇ ತಾನೇ?" ಎಂದಳು ಬ್ರೇಕಕ್ಕ, ಊದಿದ ಕೆನ್ನೆಯ ಸಂದಿಯಿಂದ.

ಮೇಷ್ಟ್ರು ಬೆಪ್ಪಾದರು. "ನರ್ಸಮ್ಮ ಹೇಳಿದ್ರಾ?"

"ಅವರು ಯಾಕೆ ಹೇಳ್ಬೇಕು? ಮಾಲೀಕರಿಗೆ ಗೊತ್ತು. ಟಯರ್ ಅಂಗಡಿಯವರಿಗೆ ಗೊತ್ತು. ಟೀ ತರೋನಿಗೂ ಗೊತ್ತು. ಇಷ್ಟು ವರ್ಷ ಗಾಡಿ ಕೀಲಿನ ಸತ್ತ ಇಲಿ ಥರ ತುದೀಲಿ ಹಿಡ್ಕೊಂಡು ಕೊಡ್ತೀರಲ್ಲ, ಗೊತ್ತಾಗಲ್ವಾ?"

"ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?"

"ನೀವು ಚೆನ್ನಾಗಿ ಮಾತಾಡ್ತೀರಲ್ಲ. ಜನ ಸೇರ್ಕೊಳ್ತಾರೆ. ಸುಮ್ನೆ ಯಾಕೆ ಕೆಡಿಸೋದು ಅಂತ."

ಇಷ್ಟು ವರ್ಷ ಅವರು ಎದೆಯಲ್ಲಿ ಹೊತ್ತು ತಿರುಗಿದ ಘೋರ ರಹಸ್ಯ ಊರವರಿಗೆಲ್ಲ ಹಳಸಲು ಸುದ್ದಿ. ಅದನ್ನು ಕಾಪಾಡಲು ತಾನು ಪಟ್ಟ ಪಾಡನ್ನು ನೆನೆದರೆ ಮೇಷ್ಟ್ರಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಕಳ್ಳನೊಬ್ಬ ಬೆಳಕು ಹರಿದ ಮೇಲೂ ತುದಿಗಾಲಿನಲ್ಲಿ ನಡೆಯುತ್ತಿದ್ದನಂತೆ, ಮನೆಯವರೆಲ್ಲ ಎದ್ದು ಕೂತು ನೋಡುತ್ತಿದ್ದರಂತೆ. ಆ ಕಳ್ಳ ತಾನೇ ಎಂದುಕೊಂಡರು. ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು.

ಮೊದಲ ವಾರದ ಕಥೆ ಹೇಳುವಂಥದ್ದಲ್ಲ. ಆದರೂ ಊರಿಗೆಲ್ಲ ಗೊತ್ತಿರುವುದರಿಂದ ಹೇಳಬಹುದು. ಮನಸ್ಸಿನ ಘಾಟಿ ರಸ್ತೆಯಲ್ಲಿ ಸುಯ್ಯೆಂದು ಇಳಿಯುತ್ತಿದ್ದ ಮಹಾಚಾಲಕರು ಟಯರ್ ಅಂಗಡಿಯ ಮುಂದಿನ ಏರಿನಲ್ಲಿ ಹಿಂದಕ್ಕೆ ಜಾರಿದರು. ಬಲಕ್ಕೆ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದರು. ಮಾಳಿಗೆಯ ಕಿಟಕಿಯಲ್ಲಿ ಅವರದೇ ಶಿಷ್ಯರ ತಲೆಗಳು ಸಾಲಾಗಿ ಕಾಣುತ್ತಿದ್ದವು, ಗಾಡಿ ನಿಂತಾಗಲೆಲ್ಲ ಮೇಲಿನಿಂದ ಕೇಳಿಬರುತ್ತಿತ್ತು, "ಕೀಲಿ ತಿರುಗಿಸಿ ಮೇಷ್ಟ್ರೇ! ಗೇರ್ ಹಾಕಿ, ಹೊರಡಿ!" ತಮ್ಮ ಮಾತು ಎಷ್ಟು ಬೇಸರ ಹುಟ್ಟಿಸುವಂಥದೆಂದು ಮೇಷ್ಟ್ರಿಗೆ ಅರಿವಾದದ್ದೇ ಆಗ. ಕಾಲು ನಡುಗುತ್ತಿರುವವನಿಗೆ ಬೇಕಾದದ್ದು ಭಾಷಣವಲ್ಲ. ಕ್ಲಚ್ಚನ್ನು ಎಷ್ಟು ಬಿಡಬೇಕೆಂದು ಪಕ್ಕದಲ್ಲಿ ಕೂತು ಯಾರಾದರೂ ಹೇಳಬೇಕು, ಅಷ್ಟೆ.

ಇನ್ನೊಂದು ಸಂಗತಿಯೂ ತಿಳಿಯಿತು. ನಗೆಪಾಟಲಾದರೆ ಮನುಷ್ಯ ಸಾಯುವುದಿಲ್ಲ. ಮೊದಲ ದಿನ ಕಿವಿ ಬಿಸಿಯಾಯಿತು. ಎರಡನೇ ದಿನ ತಾವೂ ನಕ್ಕರು. ವಾರದ ಕೊನೆಗೆ ಶಿಷ್ಯರಿಗೇ ಬೇಸರವಾಗಿ ಕಿಟಕಿ ಖಾಲಿಯಾಯಿತು. ಅದರಿಂದ ಮೇಷ್ಟ್ರಿಗೆ ಸ್ವಲ್ಪ ಬೇಜಾರೂ ಆಯಿತು.

ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಹೀಗೆ: "ನೋಡೇ, ಕ್ಲಚ್ಚು ಸರಿಯಾಗೇ ಇತ್ತು. ನಾನೇ ಸರಿ ಇರ್ಲಿಲ್ಲ."

ಆಕೆ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಗಂಡನನ್ನು ನೋಡಿದಳು. ಈ ಸಲ "ಹೌದಾ" ಎನ್ನಲಿಲ್ಲ. "ಭಾನುವಾರ ಅತ್ತೇನ ಚಿಕ್ಕತ್ತೆ ಮನೆಗೆ ಕರ್ಕೊಂಡು ಹೋಗೋಣ್ವಾ?" ಎಂದಳು.

"ಈ ಭಾನುವಾರಾನಾ? ಇನ್ನೂ ಸ್ವಲ್ಪ ಕೈ ಕೂರಲಿ..." ಎನ್ನುತ್ತಿದ್ದ ಮೇಷ್ಟ್ರು ಹೆಂಡತಿಯ ಮುಖದಲ್ಲಿ ನರ್ಸಮ್ಮನ ಹುಬ್ಬು ಮೂಡುತ್ತಿರುವುದನ್ನು ಕಂಡು, "ಎಷ್ಟು ಹೊತ್ತಿಗೆ?" ಎಂದರು.

ಭಾನುವಾರ ಬೆಳಿಗ್ಗೆ ನೀಲಿ ಕಾರು ಗೇಟಿನವರೆಗೆ ಬಂತು. ಗೇಟನ್ನೂ ದಾಟಿತು. ಹಿಂದಿನ ಸೀಟಿನಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಿದ್ದ ತಾಯಿ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು, ಅಷ್ಟೆ. ಮೇಷ್ಟ್ರಿಗೆ ಇನ್ನೂ ಎದುರಿನ ಗಾಡಿಗಳನ್ನು ಹಾಯ್ದು ಬಲಕ್ಕೆ ತಿರುಗುವ ಧೈರ್ಯ ಬಂದಿರಲಿಲ್ಲ. ಆದ್ದರಿಂದ ಎಲ್ಲೆಲ್ಲಿ ಬಲಕ್ಕೆ ಹೋಗಬೇಕಿತ್ತೋ ಅಲ್ಲೆಲ್ಲ ಮುಂದೆ ಹೋಗಿ, ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಇನ್ನೊಮ್ಮೆ ಎಡಕ್ಕೆ ತಿರುಗಿ ಬಂದರು. ಹೀಗಾಗಿ ತಾಯಿಗೆ ಊರೆಲ್ಲ ತೋರಿಸಿದಂತಾಯಿತು.

"ಆ ಗಡಿಯಾರದ ಅಂಗಡಿನ ಆಗ್ಲೇ ನೋಡಿದ್ವಲ್ಲೋ?"

"ಅದು ಬೇರೆ ಅಮ್ಮ."

"ಬೋರ್ಡಲ್ಲಿ ಅದೇ ಹೆಸರಿದೆ."

"ಬ್ರಾಂಚು."

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಚಿಕ್ಕಮ್ಮನ ಓಣಿ ಮುಟ್ಟಿದಾಗ ಮೇಷ್ಟ್ರ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ಅಕ್ಕತಂಗಿಯರು ಬಾಗಿಲಲ್ಲೇ ಕೈಕೈ ಹಿಡಿದುಕೊಂಡು ಅತ್ತರು. ಚಿಕ್ಕಮ್ಮ ಮೇಷ್ಟ್ರ ಕೆನ್ನೆ ಸವರಿ, "ನೀನೇ ಓಡಿಸ್ಕೊಂಡು ಬಂದ್ಯಾ ಕಂದಾ?" ಎಂದಾಗ ಐವತ್ತು ದಾಟಿದ ಕಂದ ಹೂಂ ಎಂದು ತಲೆಯಾಡಿಸಿತು. ಕರೆತರಬಹುದಾಗಿದ್ದ ಎಷ್ಟೊಂದು ಭಾನುವಾರಗಳನ್ನು ತಾನು ಕಾರು ತೊಳೆದು ಕಳೆದೆನಲ್ಲ ಎನಿಸಿತು. ಊಟ ಮಾಡಿ, ಸಂಜೆಯವರೆಗೂ ಕಾಲು ಚಾಚಿ ಮಲಗಿ, ಆಮೇಲೆ ಮರಳುವ ಪ್ರಯಾಣಕ್ಕೆ ಮನಸ್ಸನ್ನು ಹದಗೊಳಿಸಿಕೊಳ್ಳುವುದೆಂದು ಅವರು ಚಾಪೆ ಹಾಸಿಕೊಂಡರು.

ಕಣ್ಣು ಮುಚ್ಚಿದ್ದರೋ ಇಲ್ಲವೋ, ಒಳಗೆ ಜಗಳ ಹತ್ತಿಕೊಂಡಿತು. ತೌರುಮನೆಯ ಕನ್ನಡಿಯನ್ನು ಒಡೆದದ್ದು ಅಕ್ಕನೋ ತಂಗಿಯೋ ಎಂಬುದು ವಿಷಯ. ಒಡೆದಾಗ ಇಬ್ಬರೂ ಲಂಗ ತೊಡುವ ವಯಸ್ಸಿನವರು.

"ಹೊರಡೋ!" ಎಂದು ತಾಯಿ ಬಂದು ನಿಂತರು. "ಈ ಮನೇಲಿ ಒಂದು ನಿಮಿಷ ಇರಲ್ಲ. ತೆಗಿ ಗಾಡಿ!"

"ಅಮ್ಮ, ಸ್ವಲ್ಪ ಹೊತ್ತು..."

"ತೆಗಿ ಅಂದೆ!"

ತಾಯಿ ಹೋಗಿ ಕಾರಿನಲ್ಲಿ ಕೂತರು. ಅವರ ಹಿಂದೆಯೇ ಚಿಕ್ಕಮ್ಮ ಚಪ್ಪಲಿ ಮೆಟ್ಟಿ, ಮನೆಗೆ ಬೀಗ ಹಾಕಿ, ಕೈಚೀಲ ಸಮೇತ ಬಂದು ಇನ್ನೊಂದು ಬಾಗಿಲಿನಿಂದ ಹತ್ತಿದರು.

"ನೀವೆಲ್ಲಿಗೆ ಚಿಕ್ಕಮ್ಮ?"

"ಮಾತು ಅರ್ಧಕ್ಕೆ ಬಿಟ್ಟು ಹೋಗ್ತಾಳಂತೆ! ನಾನೂ ಬರ್ತೀನಿ. ನಡಿ."

ಮನಸ್ಸು ಹದವಾಗಲು ಹೊತ್ತೇ ಸಿಗಲಿಲ್ಲ. ಓಣಿಯಿಂದ ಹಿಮ್ಮುಖವಾಗಿ ಹೊರಬರಬೇಕಿತ್ತು. ನೆರೆಯವರೆಲ್ಲ ಹೊರಬಂದು "ಎಡಕ್ಕೆ", "ಅಯ್ಯೋ ಬಲಕ್ಕೆ", "ಬನ್ನಿ ಬನ್ನಿ", "ನಿಲ್ಲಿ ನಿಲ್ಲಿ" ಎಂದು ಕೂಗತೊಡಗಿದರು. ಹಿಂದಿನ ಸೀಟಿನ ಜಗಳದಲ್ಲಿ ತೌರುಮನೆಯ ಕನ್ನಡಿ ಮತ್ತೆ ಮತ್ತೆ ಒಡೆಯುತ್ತಿತ್ತು. ಮೇಷ್ಟ್ರು ಯಾರ ಮಾತನ್ನೂ ಕೇಳದೆ ನಿಧಾನಕ್ಕೆ ಕ್ಲಚ್ಚು ಬಿಟ್ಟರು. ಒಂದು ಹೂಕುಂಡ ಉರುಳಿತು. ಅದರ ಒಡೆಯ, "ಪರವಾಗಿಲ್ಲ, ಹೋಗಿ ಸ್ವಾಮಿ" ಎಂದು ದಾರಿ ಬಿಟ್ಟ. ಮುಖ್ಯ ರಸ್ತೆಗೆ ಬಂದಾಗ ಚಿಕ್ಕಮ್ಮ ಅಕ್ಕನಿಗೆ ಸುಳ್ಳಿ ಎಂದರು, ಅಕ್ಕ ತಂಗಿಯನ್ನು ಅದಕ್ಕಿಂತ ದೊಡ್ಡದೇನೋ ಎಂದರು. "ಇಬ್ಬರೂ ಒಂದು ನಿಮಿಷ ಸುಮ್ನಿರ್ತೀರಾ!" ಎಂದು ಮೇಷ್ಟ್ರು ಗದರಿದರು. ಗದರುತ್ತಲೇ ಬಲಕ್ಕೆ ತಿರುಗಿದರು.

ತಿರುಗಿದ್ದನ್ನು ಹೆಂಡತಿ ನೋಡಿದಳು. ಏನೂ ಹೇಳಲಿಲ್ಲ, ಹೇಳಿದರೆ ನಿಂತುಬಿಟ್ಟಾರೆಂದು.

ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಕಾರು ನಿಲ್ಲಿಸಿ ಮೇಷ್ಟ್ರು ಹೆಮ್ಮೆಯಿಂದ ಹಿಂದೆ ತಿರುಗಿದರು. "ಅಮ್ಮ, ನೋಡಿದ್ಯಾ? ಬಲಕ್ಕೆ ತಿರುಗಿಸ್ದೆ. ಅದೂ ಮೂರು ಕಡೆ."

"ಹೂಂ ಹೂಂ," ಎಂದು ತಾಯಿ ಕೈಯಾಡಿಸಿ ತಂಗಿಯತ್ತ ತಿರುಗಿದರು. "ಅದು ಬಿಡು. ಅವತ್ತು ಅಪ್ಪ ಕೇಳಿದಾಗ ನೀನು ಏನಂದೆ, ಅದನ್ನ ಹೇಳು ಮೊದಲು."

ಇಳಿಯುವ ಸೂಚನೆ ಇಬ್ಬರಿಗೂ ಇರಲಿಲ್ಲ. ಕಾರಿನ ಸೀಟು ಮೆತ್ತಗಿತ್ತು, ಜಗಳಕ್ಕೆ ಒಳ್ಳೆಯ ಜಾಗ. ಹೆಂಡತಿ ಒಳಗೆ ಹೋಗಿ ಚಹಾ ಮಾಡಿ, ಎರಡು ಲೋಟಗಳನ್ನು ಕಿಟಕಿಯಿಂದಲೇ ಒಳಗೆ ಕೊಟ್ಟಳು. ಆಮೇಲೆ ಅಂಗಳದ ಮೆಟ್ಟಿಲ ಮೇಲೆ ಗಂಡನ ಪಕ್ಕ ಬಂದು ಕೂತು, ತನ್ನ ಲೋಟದ ಚಹಾವನ್ನು ಅರ್ಧ ಅವರಿಗೆ ಬಗ್ಗಿಸಿದಳು.

"ರೀ, ಬ್ರೇಕಕ್ಕ ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತಾರೆ?"

"ಯಾಕೆ?"

"ನಾನೂ ಸೇರ್ಕೋತೀನಿ."

"ಅವಳ ಹತ್ರ ಯಾಕೆ? ನಾನೇ ಇದ್ದೀನಲ್ಲ! ಮೊದಲು ಚಿಹ್ನೆಗಳಿಂದ ಶುರು ಮಾಡೋಣ..."

ಹೆಂಡತಿ ನಗುತ್ತ ಅವರ ಬಾಯಿಗೆ ಕೈ ಅಡ್ಡ ಹಿಡಿದಳು. ಕಾರಿನೊಳಗಿನಿಂದ ಚಿಕ್ಕಮ್ಮನ ದನಿ ಬಂತು: "ಲೋ, ಈ ಗಾಜು ಸ್ವಲ್ಪ ಏರಿಸ್ತೀಯಾ? ನಿಮ್ಮಮ್ಮಂಗೆ ಗಾಳಿ ಹೊಡೀತಿದೆ."

ಮೇಷ್ಟ್ರು ಲೋಟ ಕೆಳಗಿಟ್ಟು ಎದ್ದು ಹೋದರು.